ಗಡಿಯ ಸುದ್ದಿ ಓದುವುದು ಹೇಗೆ? ಒಂದು ಈರುಳ್ಳಿ ಮೂಟೆಯ ಹಿಂದೆ ಹೋಗಿ

ನನ್ನ ಅಕ್ಕನ ಮಗಳು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾಳೆ. ಹೋದ ತಿಂಗಳು ಒಂದು ಪ್ರಶ್ನೆ ಹಿಡಿದುಕೊಂಡು ಬಂದಳು. "ಮಾವ, ಜಾಗತೀಕರಣದಿಂದ ಅಕ್ಕಪಕ್ಕದ ಬಡ ದೇಶಗಳ ಭದ್ರತೆಗೆ ಏನಾಗುತ್ತೆ?" ಅವಳ ನೋಟ್ಸ್ ನೋಡಿದೆ. ದೊಡ್ಡ ದೊಡ್ಡ ಪದಗಳಿದ್ದವು, ಒಂದೇ ಒಂದು ಲಾರಿ ಇರಲಿಲ್ಲ. ನಾನು ಚಿಕ್ಕಬಳ್ಳಾಪುರದ ಕಡೆ ಈರುಳ್ಳಿ ಮಂಡಿಯಲ್ಲಿ ಹದಿನೆಂಟು ವರ್ಷ ಲೆಕ್ಕ ಬರೆದವನು. ನನಗೆ ಗೊತ್ತಿರುವ ದಾರಿ ಒಂದೇ. ಒಂದು ಸರಕು ಹಿಡಿಯೋದು, ಅದು ಹೋದಲ್ಲೆಲ್ಲ ಹೋಗೋದು.

ಮೊದಲು ಸರಕನ್ನು ಆರಿಸಿಕೊಳ್ಳಿ. ಅದಿಲ್ಲದೆ ಒಲೆ ಹಚ್ಚೋಕಾಗಬಾರದು, ಅಂಥದ್ದಿರಲಿ. ಭಾರತ–ಬಾಂಗ್ಲಾದೇಶದ ಸುದ್ದಿಗೆ ಈರುಳ್ಳಿಗಿಂತ ಒಳ್ಳೆಯದು ಇಲ್ಲ. 4,096 ಕಿಲೋಮೀಟರ್ ಗಡಿಯಲ್ಲಿ ಬೇಲಿ, ಕಾವಲು, ಗುಂಡಿನ ಸುದ್ದಿ ಎಲ್ಲ ಇದೆ. ಆದರೆ ಢಾಕಾದ ಗೃಹಿಣಿಗೆ ಭಾರತ ಅಂದರೆ ಪಶ್ಚಿಮ ಬಂಗಾಳದ ಪೆಟ್ರಾಪೋಲ್ ಗಡಿ ಗೇಟು ದಾಟಿ ಬರುವ ಈರುಳ್ಳಿ ಲಾರಿಯೂ ಹೌದು.

ಆಮೇಲೆ ತಾರೀಖು ಬರೆದುಕೊಳ್ಳಿ. ಯಾರು ನಿಲ್ಲಿಸಿದರು, ಎಷ್ಟು ದಿನ ಮುಂಚೆ ಹೇಳಿದರು? 2019ರ ಸೆಪ್ಟೆಂಬರ್ 29ರಂದು ಭಾರತ ಈರುಳ್ಳಿ ರಫ್ತು ನಿಲ್ಲಿಸಿತು. ಇಲ್ಲಿ ಬೆಲೆ ಏರುತ್ತಿತ್ತು, ಸರ್ಕಾರಕ್ಕೆ ಮನೆಯೊಳಗಿನ ಭಯ. ಮುಂದಿನ ವಾರವೇ ದೆಹಲಿಗೆ ಬಂದ ಬಾಂಗ್ಲಾ ಪ್ರಧಾನಿ ಶೇಖ್ ಹಸೀನಾ ನಗುತ್ತಲೇ ಚುಚ್ಚಿದರು. ಅಡುಗೆಗೆ ಈರುಳ್ಳಿ ಹಾಕಬೇಡಿ ಅಂತ ಅಡುಗೆಯವರಿಗೆ ಹೇಳಿದ್ದೇನೆ, ಮುಂಚೆ ಒಂದು ಮಾತು ತಿಳಿಸಿದ್ದರೆ ಚೆನ್ನಾಗಿತ್ತು ಎಂದರು. ಆ ನವೆಂಬರಿನಲ್ಲಿ ಢಾಕಾದಲ್ಲಿ ಕಿಲೋಗೆ 200 ಟಾಕಾ ದಾಟಿತು. ವಿಮಾನದಲ್ಲಿ ಈರುಳ್ಳಿ ತರಿಸಿದರು!

ಇಲ್ಲಿ ಒಂದು ಉಪಾಯ ಹೇಳುತ್ತೇನೆ, ಪುಸ್ತಕದಲ್ಲಿ ಸಿಗಲ್ಲ. ಪೇಪರಿನ ತಲೆಬರಹ ಬಿಟ್ಟು ಆದೇಶವನ್ನೇ ಓದಿ. ಆಗಲೇ ದಾರಿಯಲ್ಲಿರುವ ಮಾಲಿಗೆ ಏನು ಅಂತ ಹುಡುಕಿ. 2020ರ ಸೆಪ್ಟೆಂಬರ್ 14ರಂದು ಭಾರತ ಮತ್ತೆ ಈರುಳ್ಳಿ ರಫ್ತು ನಿಲ್ಲಿಸಿತು. ಆ ಆದೇಶದಲ್ಲಿ ದಾರಿಯಲ್ಲಿರುವ ಮಾಲಿಗೆ ಸಾಮಾನ್ಯವಾಗಿ ಸಿಗುವ ವಿನಾಯಿತಿ ಇಲ್ಲ ಅಂತ ಒಂದು ಸಾಲು ಇತ್ತು. ಆ ಒಂದು ಸಾಲು ನಮ್ಮ ಮಂಡಿಯನ್ನು ಅಲ್ಲಾಡಿಸಿಬಿಟ್ಟಿತು. ನಮ್ಮದು ಬೆಂಗಳೂರು ರೋಸ್ ಈರುಳ್ಳಿ. ಗಿಡ್ಡಗೆ, ಕೆಂಪಗೆ, ಖಾರ ಜಾಸ್ತಿ. ಇಲ್ಲಿ ತಿನ್ನುವವರು ಕಡಿಮೆ, ಬೆಳೆಯೋದೇ ಮಲೇಷ್ಯಾ, ಸಿಂಗಪುರದ ಕಡೆಗೆ. ದೆಹಲಿಯ ಬೆಲೆಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಅದೇ ಬಲೆಗೆ ಬಿತ್ತು. ಚೆನ್ನೈಗೆ ಹೋದ ನಮ್ಮ ಲೋಡು ವಾಪಸ್ ಬಂತು. ಈರುಳ್ಳಿ ಕೊಳೆಯುವಾಗ ಮೊದಲು ಮೂಟೆಯ ಅಡಿ ಒದ್ದೆಯಾಗುತ್ತದೆ. ಹಮಾಲರು ಎತ್ತಿದಾಗ ಗೋಣಿ ಅಲ್ಲೇ ಹರಿದು ಹೋಯಿತು. ಅಕ್ಟೋಬರಿನಲ್ಲಿ ರೋಸ್ ಈರುಳ್ಳಿ 10,000 ಟನ್ ಕಳಿಸಬಹುದು, ಚೆನ್ನೈ ಬಂದರಿನಿಂದ ಮಾತ್ರ, ಅಂತ ಆದೇಶ ಬಂತು. ನಮ್ಮ ಆ ಲೋಡು ಅಷ್ಟು ಹೊತ್ತಿಗೆ ತಿಪ್ಪೆ ಸೇರಿತ್ತು. ಬಾಂಗ್ಲಾ ಗಡಿಯಲ್ಲಿ ಸಾಲುಗಟ್ಟಿ ನಿಂತ ಲಾರಿಗಳದ್ದೂ ಅದೇ ಕಥೆ. ಆ ವಾರ ಪೆಟ್ರಾಪೋಲ್‌ನ ಆಚೆ ಬದಿ, ಬಾಂಗ್ಲಾದ ಬೆನಾಪೋಲ್‌ನ ವ್ಯಾಪಾರಿಗೂ ನನಗೂ ಒಂದೇ ಹೊಟ್ಟೆನೋವು. ನಾನು ಬೈದದ್ದು ನಮ್ಮ ಸರ್ಕಾರವನ್ನು, ಅವನು ಬೈದದ್ದು ಭಾರತವನ್ನು. ವ್ಯತ್ಯಾಸ ಅಷ್ಟೇ, ಆದರೆ ಅದು ಸಣ್ಣದಲ್ಲ.

ಮೂರನೆಯದು ಮುಖ್ಯ. ಖಾಲಿಯಾದ ಜಾಗಕ್ಕೆ ಯಾರು ಬಂದರು? ಹಿಂದಿನ ಕಾಲದಲ್ಲಿ ಪಕ್ಕದ ಮನೆಯವರು ಬಾಗಿಲು ಹಾಕಿದರೆ ಉಪವಾಸ. ಈಗ ಬಾಂಗ್ಲಾಕ್ಕೆ ಈಜಿಪ್ಟ್, ಟರ್ಕಿ, ಚೀನಾ, ಪಾಕಿಸ್ತಾನದಿಂದಲೂ ಈರುಳ್ಳಿ ಬರುತ್ತದೆ. 2014ರ ನಂತರ ಭಾರತ ಗಡಿಯಲ್ಲಿ ದನ ಸಾಗಣೆಗೆ ಬಿಗಿ ಮಾಡಿತು. ಅವರು ಊರೂರಲ್ಲಿ ದನ ಸಾಕಲು ಶುರು ಮಾಡಿದರು. ನೇಪಾಳದ್ದಂತೂ ಇನ್ನೂ ಸ್ಪಷ್ಟ. 2015ರಲ್ಲಿ ಹೊಸ ಸಂವಿಧಾನ ಬಂದ ಮೇಲೆ ಗಡಿಯಲ್ಲಿ ಟ್ಯಾಂಕರ್‌ಗಳು ನಿಂತವು, ತಿಂಗಳುಗಟ್ಟಲೆ ಪೆಟ್ರೋಲ್, ಗ್ಯಾಸ್ ಇಲ್ಲ. ನಾವು ತಡೆದಿಲ್ಲ, ಅಲ್ಲಿನ ಮಾಧೇಸಿಗಳ, ಅಂದರೆ ನೇಪಾಳದ ದಕ್ಷಿಣ ಬಯಲಿನ ಜನರ, ಪ್ರತಿಭಟನೆಯಿಂದ ಹೀಗಾಯಿತು ಎಂದಿತು ಭಾರತ. ಕಠ್ಮಂಡು ನಂಬಲಿಲ್ಲ. 2016ರ ಮಾರ್ಚ್‌ನಲ್ಲಿ ಚೀನಾದ ಜೊತೆ ಸಾಗಣೆ ಒಪ್ಪಂದ ಮಾಡಿಕೊಂಡಿತು. ಹಿಮಾಲಯ ದಾಟಿ ಸರಕು ತರೋದು ದುಬಾರಿ, ಅದು ನೇಪಾಳಕ್ಕೂ ಗೊತ್ತು. ಆದರೆ ಕಾಗದದ ಮೇಲೆ ಎರಡನೇ ಬಾಗಿಲು ಇದೆ ಅಂತಾದರೆ ಮಾತಿನ ಧಾಟಿ ಬದಲಾಗುತ್ತೆ, ಅಲ್ವಾ? 2019ಕ್ಕೆ ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜ್‌ಗೆ ಭಾರತವೇ ಎಣ್ಣೆ ಪೈಪ್‌ಲೈನ್ ಹಾಕಿಕೊಟ್ಟಿತು. ಅಕ್ಕನ ಮಗಳಿಗೆ ಹೇಳಿದೆ, ಭದ್ರತೆ ಅಂತ ಬರೆಯುವಲ್ಲಿ ಈ ಪೈಪನ್ನೂ ಬರಿ ಅಂತ.

ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ವ್ಯಾಪಾರ ಜಾಸ್ತಿಯಾದರೆ ಜಗಳ ಕಡಿಮೆ ಅಂತ ಸುಮ್ನೆ ಬರೆದುಬಿಡುತ್ತಾರೆ. 2025ನ್ನು ನೋಡಿ. ಹಿಂದಿನ ಆಗಸ್ಟಿನಲ್ಲಿ ಹಸೀನಾ ಸರ್ಕಾರ ಬಿದ್ದು ಅವರು ಭಾರತಕ್ಕೆ ಬಂದಿದ್ದರು. ಏಪ್ರಿಲ್ 8ರಂದು ಭಾರತ ತನ್ನ ಬಂದರು, ವಿಮಾನ ನಿಲ್ದಾಣಗಳ ಮೂಲಕ ಬಾಂಗ್ಲಾದ ಸರಕು ಬೇರೆ ದೇಶಗಳಿಗೆ ಹೋಗುವ ಸೌಲಭ್ಯ ನಿಲ್ಲಿಸಿತು. ಅದೇ ತಿಂಗಳು ಬಾಂಗ್ಲಾ ನಮ್ಮ ನೂಲು ಭೂಮಾರ್ಗದಲ್ಲಿ ಬರೋದನ್ನು ತಡೆಯಿತು. ಮೇ 17ಕ್ಕೆ ಭಾರತ ಅವರ ಸಿದ್ಧ ಉಡುಪಿಗೆ ಭೂಮಾರ್ಗ ಮುಚ್ಚಿ, ಮುಂಬೈ ಹತ್ತಿರದ ನ್ಹಾವಾ ಶೇವಾ ಮತ್ತು ಕೋಲ್ಕತ್ತಾ ಬಂದರಿಗೆ ಮಾತ್ರ ಬನ್ನಿ ಎಂದಿತು. ಈ ಮೂರನ್ನೂ ಒಂದರ ಕೆಳಗೊಂದು ಬರೆದು ನೋಡಿ. ಬಂದೂಕು ಇಲ್ಲದ ಜಗಳ, ಏಟಿಗೆ ತಿರುಗೇಟು. ನಂಟು ಗಟ್ಟಿಯಾದಷ್ಟೂ ಹೊಡೆಯೋಕೆ ಜಾಗ ಜಾಸ್ತಿ.

ಕೊನೆಗೆ ಗಡಿಯ ಜನರಿಗೆ ಎರಡು ಸಾಲು ಇಡಿ. ಮೇಘಾಲಯದ ಕಲಾಯ್‌ಚರ್‌ನಲ್ಲಿ 2011ರಲ್ಲಿ ಶುರುವಾದ ಗಡಿ ಸಂತೆಯ ಥರದ್ದು. ಎರಡೂ ಕಡೆಯ ಹಳ್ಳಿಯವರು ತರಕಾರಿ, ಹಣ್ಣು ಮಾರಿಕೊಳ್ಳುವ ಜಾಗ. ಕಳ್ಳಸಾಗಣೆಗೆ ಹೋಗುವ ಕೈಗೆ ಅಲ್ಲಿ ಬೇರೆ ಕೆಲಸ ಸಿಗುತ್ತದೆ.

ಅಕ್ಕನ ಮಗಳು ಈಗ ಈರುಳ್ಳಿ ಬಿಟ್ಟು ನೂಲು ಹಿಡಿದಿದ್ದಾಳೆ. ನೋಟ್‌ಬುಕ್ಕಿನ ಎಡಗಡೆ ಭಾರತದ ಆದೇಶಗಳ ತಾರೀಖು, ಬಲಗಡೆ ಢಾಕಾದ್ದು. ನಡುವೆ ಒಂದು ಬೆರಳು ಅಗಲದ ಜಾಗ ಬಿಡು ಅಂದಿದ್ದೇನೆ, ಬೆಲೆ ಬರೆಯೋಕೆ.