ಮನೆಯಲ್ಲೇ ಮಾಡಿದ ಆರ್ಕೇಡ್ ಪ್ಯಾನೆಲ್‌ಗೆ ಜಾಯ್‌ಸ್ಟಿಕ್ ಅಲುಗಾಡದಂತೆ ಕೂರಿಸುವುದು

ಮನೆಯಲ್ಲಿ ಮಾಡಿದ ಆರ್ಕೇಡ್ ಪ್ಯಾನೆಲ್‌ಗಳಲ್ಲಿ, ಅಂದರೆ ವಿಡಿಯೋ ಗೇಮ್ ಆಡಲು ಜಾಯ್‌ಸ್ಟಿಕ್, ಬಟನ್ ಕೂರಿಸಿದ ಹಲಗೆಗಳಲ್ಲಿ, ಮೊದಲು ಕೈಕೊಡುವುದು ಸ್ವಿಚ್ಚೂ ಅಲ್ಲ, ವೈರೂ ಅಲ್ಲ, ಜಾಯ್‌ಸ್ಟಿಕ್ ಹಿಡಿದಿರುವ ನಾಲ್ಕು ಸ್ಕ್ರೂಗಳು. ಕೆಳಗಿನಿಂದ ಮರಕ್ಕೆ ಹೊಡೆದ ಮರದ ಸ್ಕ್ರೂ ಮೊದಲ ದಿನ ಗಟ್ಟಿಯಾಗಿಯೇ ಇರುತ್ತದೆ. ಆದರೆ ಆಡುವವನ ಕೈ ಇರುವುದು ಸ್ಟಿಕ್ಕನ್ನು ಮರಕ್ಕೆ ಕೂರಿಸುವ ಬುಡದ ಪ್ಲೇಟ್‌ನಿಂದ ಸಾಕಷ್ಟು ಮೇಲೆ, ಕಂಬಿಯ ತುದಿಯ ಗುಂಡಿನ ಮೇಲೆ. ಅದನ್ನು ಪಕ್ಕಕ್ಕೆ ತಳ್ಳಿದಾಗಲೆಲ್ಲ ಪ್ಲೇಟ್‌ನ ಒಂದು ಬದಿ ಮರಕ್ಕೆ ಒತ್ತುತ್ತದೆ, ಇನ್ನೊಂದು ಬದಿ ಸುತ್ತಿಗೆಯ ಹಿಂಬದಿಯಿಂದ ಮೊಳೆ ಕಿತ್ತ ಹಾಗೆ ಸ್ಕ್ರೂವನ್ನು ಎಳೆಯುತ್ತದೆ. ಹೊಡೆದಾಟದ ಗೇಮ್ ಆಡುವಾಗ ಇದು ನಿಮಿಷಕ್ಕೆ ಎಷ್ಟು ಸಲವೋ. ಎಂಡಿಎಫ್‌ನಲ್ಲಿ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಸ್ಕ್ರೂ ದಾರಿಯೇ ಪುಡಿಯಾಗುತ್ತದೆ, ದಪ್ಪ ಸ್ಕ್ರೂ ಹಾಕಿದರೂ ಸ್ವಲ್ಪ ತಡವಾಗಿ ಅದೇ ಗತಿ. ಹಾಗಾಗಿ ಮರದ ಹಿಡಿತವನ್ನು ನಂಬಬೇಡಿ. ಬೋಲ್ಟು ಮರದ ಆರಪಾರ ಹೋಗಿ ನಟ್ಟಿನಲ್ಲಿ ಬಿಗಿಯಾಗಬೇಕು.

ಮೊದಲು ನಿಮ್ಮ ಸ್ಟಿಕ್ ಯಾವ ಜಾತಿಯದು ನೋಡಿ

ಜಪಾನಿನ ಸಾನ್ವಾ ಜೆಎಲ್‌ಎಫ್, ಸೈಮಿತ್ಸು ಎಲ್ಎಸ್-32, ಅವುಗಳ ಮಾದರಿಯಲ್ಲೇ ಬರುವ ಅಗ್ಗದ ಯುಎಸ್‌ಬಿ ಕಿಟ್‌ನ ಸ್ಟಿಕ್‌ಗಳು ಹುಟ್ಟಿದ್ದು ತೆಳು ಲೋಹದ ಪ್ಯಾನೆಲ್‌ಗಾಗಿ. ಇವುಗಳ ಕಂಬಿ ಗಿಡ್ಡ. 18 ಮಿ.ಮೀ. ಪ್ಲೈವುಡ್ ಕೆಳಗೆ ನೇರವಾಗಿ ಕೂರಿಸಿದರೆ ಗುಂಡು ಪ್ಯಾನೆಲ್‌ಗೆ ತೀರಾ ಹತ್ತಿರವಾಗಿ, ಬೆರಳು ಹಿಡಿಸುವುದಿಲ್ಲ. ಅಮೆರಿಕದ ಹ್ಯಾಪ್ ಕಾಂಪಿಟಿಷನ್ ಮಾದರಿಯವು ಮುಕ್ಕಾಲು ಇಂಚು ಮರಕ್ಕೆಂದೇ ಮಾಡಿದವು. ಕಂಬಿ ಉದ್ದ, ತಲೆ ಗುಂಡಿನ ಬದಲು ಬ್ಯಾಟಿನ ಆಕಾರ.

ಹ್ಯಾಪ್ ಮಾದರಿಯದಾದರೆ ಕೆಲಸ ಬೇಗ ಮುಗಿಯುತ್ತದೆ. 18 ಮಿ.ಮೀ. ಪ್ಲೈಗೆ ನಾಲ್ಕು ತೂತು ಕೊರೆದು, ಮೇಲಿನಿಂದ ಎಂ5 ಕ್ಯಾರೇಜ್ ಬೋಲ್ಟ್ ಇಳಿಸಿ, ಕೆಳಗೆ ವಾಷರ್ ಮತ್ತು ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರವಿರುವ ನಟ್) ಹಾಕಿ. ಬೋಲ್ಟಿನ ತಲೆಯಡಿಯ ಚೌಕ ಕುತ್ತಿಗೆ ಪ್ಲೈಯಲ್ಲಿ ಕಚ್ಚಿಕೊಂಡು ತಿರುಗದಂತೆ ನಿಲ್ಲುತ್ತದೆ. ಎಂಡಿಎಫ್‌ನಲ್ಲಿ ಅದು ಸುತ್ತಲಿನ ಮರವನ್ನು ಪುಡಿ ಮಾಡಿ ಸುಮ್ಮನೆ ತಿರುಗತೊಡಗುತ್ತದೆ. ತಲೆಗಳು ಮೇಲೆ ಕಾಣುತ್ತವೆ ಎಂಬ ಬೇಸರ ಬೇಡ. ಹಳೆಯ ಅಮೆರಿಕನ್ ಕ್ಯಾಬಿನೆಟ್‌ಗಳಲ್ಲೂ ಅವು ಕಾಣುತ್ತಿದ್ದವು, ಕಪ್ಪು ಬಣ್ಣದವು ಸಿಕ್ಕರೆ ನೋಡಲೂ ಚೆಂದ. ಇವುಗಳ ಬುಡ ಪ್ಲಾಸ್ಟಿಕ್, ನಟ್ಟನ್ನು ಮೈಮೇಲೆ ಬಂದವರಂತೆ ಬಿಗಿದರೆ ಬಿರುಕು ಬಿಡುತ್ತದೆ.

ತಲೆನೋವಿರುವುದು ಜಪಾನಿ ಮಾದರಿಯಲ್ಲಿ. ಮುಂದಿನದೆಲ್ಲ ಅದರ ಬಗ್ಗೆ.

ಎಷ್ಟು ದಪ್ಪ ಉಳಿಸಬೇಕು

ಪ್ಯಾನೆಲ್ ಮೇಲ್ಮೈಯಿಂದ ಗುಂಡಿನ ತಳಕ್ಕೆ ಸುಮಾರು 24 ಮಿ.ಮೀ. ಇದ್ದರೆ ಕೈಗೆ ಸರಿಯಾಗಿರುತ್ತದೆ. ಸ್ಟಿಕ್ ಅನ್ನು ಮೇಜಿನ ಮೇಲಿಟ್ಟು, ಪ್ಲೇಟ್‌ನ ಮೇಲ್ಮೈಯಿಂದ ಗುಂಡಿನ ತಳದವರೆಗೆ ಅಳೆಯಿರಿ. ಅದರಲ್ಲಿ 24 ಕಳೆಯಿರಿ. ಉಳಿದದ್ದೇ ಪ್ಲೇಟ್ ಮೇಲೆ ಇರಬೇಕಾದ ಒಟ್ಟು ದಪ್ಪ: ಮರ, ಮೈಕಾ, ಅಕ್ರಿಲಿಕ್ ಎಲ್ಲ ಸೇರಿ. 32 ಬಂದರೆ 8 ಮಿ.ಮೀ. ಉಳಿಸಬೇಕು, ಅಂದರೆ 6 ಮಿ.ಮೀ. ಪ್ಲೈ ಮೇಲೆ 2 ಮಿ.ಮೀ. ಅಕ್ರಿಲಿಕ್. ಒಂದೆರಡು ಮಿ.ಮೀ. ಆಚೀಚೆ ಆದರೆ ಪರವಾಗಿಲ್ಲ.

18 ಮಿ.ಮೀ. ಹಲಗೆಯ ಅಡಿಯಲ್ಲಿ ರೂಟರ್‌ನಿಂದ ಗುಳಿ ತೆಗೆಯುವುದು ಒಂದು ದಾರಿ. ಆದರೆ ಕೈ ಜಾರಿದರೆ ಹಲಗೆಯೇ ಹಾಳು. ಗುಳಿಯ ತಳ ಸಮವಾಗದಿದ್ದರೆ ಪ್ಲೇಟ್ ತಿರುಚಿ ಕೂರುತ್ತದೆ. ಎರಡು ಪದರದ ಪ್ಯಾನೆಲ್ ಇದಕ್ಕಿಂತ ಎಷ್ಟೋ ವಾಸಿ: ಮೇಲೆ 6 ಮಿ.ಮೀ. ಪ್ಲೈ, ಕೆಳಗೆ 12 ಮಿ.ಮೀ. ಪ್ಲೈ. ಕೆಳಪದರದಲ್ಲಿ ಜಿಗ್‌ಸಾದಿಂದ ಕಿಟಕಿ ಕತ್ತರಿಸಿದರೆ ಆಯಿತು, ಗುಳಿಯ ತಳ ತಾನಾಗಿಯೇ ಸಪಾಟು. ಬಟನ್‌ಗಳ ಕೆಳಗೂ ಇಂಥದೇ ಕಿಟಕಿ ಬೇಕು, ಏಕೆಂದರೆ ಕ್ಲಿಪ್ಪಿನ ಬಟನ್‌ಗಳು 18 ಮಿ.ಮೀ.ನಲ್ಲಿ ಕಚ್ಚುವುದಿಲ್ಲ. ಐಎಸ್ 303 (ಸಾಮಾನ್ಯ ಬಳಕೆಯ ಪ್ಲೈವುಡ್‌ನ ಭಾರತೀಯ ಮಾನಕ) ಗುರುತಿನ ಪ್ಲೈ ಸಾಕು. ಕರಾವಳಿಯ ಮಳೆಗಾಲದಲ್ಲಿ ಎಂಡಿಎಫ್ ಊದಿಕೊಳ್ಳುತ್ತದೆ, ಆ ಕಡೆಯವರು ಅದರ ತಂಟೆಗೇ ಹೋಗಬೇಡಿ.

ಒಂದು ಸ್ಟಿಕ್‌ಗೆ ಬೇಕಾದ ಸಾಮಾನು: ಎಂ4×16 (4 ಮಿ.ಮೀ. ದಪ್ಪ, 16 ಮಿ.ಮೀ. ಉದ್ದ) ಕೌಂಟರ್‌ಸಂಕ್, ಅಂದರೆ ತಲೆ ಮೇಲ್ಮೈಗೆ ಸಮವಾಗಿ ಇಳಿಯುವ, ಮೆಷಿನ್ ಸ್ಕ್ರೂ 4, ಎಂ4 ನೈಲಾಕ್ ನಟ್ 4, ವಾಷರ್ 4. ಕೌಂಟರ್‌ಸಂಕ್ ಸ್ಕ್ರೂವಿನ ಉದ್ದವನ್ನು ತಲೆ ಸೇರಿಸಿ ಅಳೆಯುತ್ತಾರೆ. 6 ಮರ, ಪ್ಲೇಟ್ ಒಂದೂವರೆ, ವಾಷರ್, ನಟ್ಟು ಸುಮಾರು 5; ಒಟ್ಟು ಹದಿಮೂರು ಚಿಲ್ಲರೆ. 16 ತೆಗೆದುಕೊಂಡರೆ ನಟ್ಟಿನ ಆಚೆ ಎರಡು ಮೂರು ಎಳೆ ಕಾಣುತ್ತವೆ, ಹಾಗೆ ಕಂಡರೇ ನೈಲಾನ್ ಉಂಗುರ ಪೂರ್ತಿ ಕಚ್ಚಿದೆ ಎಂದರ್ಥ. ಬೆಂಗಳೂರಿನಲ್ಲಿ ಸ್ಟಿಕ್, ವೈರುಗಳ ಹುಡುಕಾಟಕ್ಕೆ ಎಸ್.ಪಿ. ರೋಡ್ ಇದ್ದೇ ಇದೆ. ಸ್ಕ್ರೂ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ.

ಕೆಲಸದ ಕ್ರಮ

ಸ್ಟಿಕ್‌ನಿಂದ ಪ್ಲೇಟ್ ಬಿಚ್ಚಿ ಅದನ್ನೇ ಅಚ್ಚಾಗಿ ಬಳಸಿ. ಎಲ್ಲಿಂದಲೋ ಇಳಿಸಿಕೊಂಡ ಚಿತ್ರ ಪ್ರಿಂಟರ್‌ನಲ್ಲಿ ಶೇಕಡಾ ಎರಡು ಕುಗ್ಗಿದರೂ ತೂತುಗಳು ಕೂಡುವುದಿಲ್ಲ. ಪ್ಯಾನೆಲ್‌ನ ಮುಂದಿನ ಅಂಚಿಗೆ ಸಮಾನಾಂತರವಾಗಿ ಒಂದು ಗೆರೆ ಎಳೆದು, ಅದಕ್ಕೆ ಓರೆಯಾಗದಂತೆ ಮಟ್ಟಗೋಲಿನಲ್ಲಿ ನೇರ ಹಿಡಿದು ಪ್ಲೇಟ್ ಇಡಿ. ಇದು ಒಂದೆರಡು ಡಿಗ್ರಿ ಓರೆಯಾದರೆ ಕಂಬಿ ಎಲ್ಲಿಯವರೆಗೆ ಸರಿಯಬಹುದೆಂದು ತಡೆಯುವ ಒಳಗಿನ ಚೌಕ ಗೇಟೂ ಓರೆಯಾಗಿ, ನೇರ ಮೇಲಕ್ಕೆ ತಳ್ಳಿದ್ದು ಆಗಾಗ ಮೂಲೆಗೆ ಹೋಗುತ್ತದೆ. ಮಣಿಕಟ್ಟು ಊರಲು ಅಂಚಿನಿಂದ ಕಂಬಿಯ ನಡುವಿಗೆ 100 ಮಿ.ಮೀ. ಆದರೂ ಬಿಡಿ.

ಕಂಬಿಗೆ 24 ಮಿ.ಮೀ. ಹೋಲ್ ಸಾ, ಸ್ಕ್ರೂಗಳಿಗೆ 4.5 ಬಿಟ್. ಸರಿಯಾಗಿ 4 ಕೊರೆದರೆ ನಾಲ್ಕನೆಯ ಸ್ಕ್ರೂ ಹೊತ್ತಿಗೆ ಹೊಂದಿಸಲು ಜಾಗವಿರುವುದಿಲ್ಲ. ಕೊರೆಯುವಾಗ ಕೆಳಗೆ ರದ್ದಿ ಹಲಗೆ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಪ್ಲೈಯ ಕೊನೆಯ ಪದರ ಸಿಬಿರೇಳುತ್ತದೆ. ಮೇಲಿನಿಂದ ಕೌಂಟರ್‌ಸಂಕ್ ಬಿಟ್‌ನಲ್ಲಿ ಸ್ವಲ್ಪ ಸ್ವಲ್ಪವೇ ತೆಗೆಯುತ್ತ, ಪ್ರತಿ ಸಲ ಸ್ಕ್ರೂ ಇಟ್ಟು ನೋಡಿ, ತಲೆ ಮೇಲ್ಮೈಗೆ ಸಮವಾದ ತಕ್ಷಣ ನಿಲ್ಲಿಸಿ. 6 ಮಿ.ಮೀ.ನಲ್ಲಿ ಆಳಕ್ಕೆ ಇಳಿದರೆ ತಲೆ ಹಿಡಿಯಲು ಮರವೇ ಉಳಿಯುವುದಿಲ್ಲ.

ಕೆಳಪದರದ ಕಿಟಕಿ ಪ್ಲೇಟ್‌ಗಿಂತ ಸುತ್ತ 2 ಮಿ.ಮೀ. ದೊಡ್ಡದಿರಲಿ, ಐದು ಪಿನ್ನಿನ ಕನೆಕ್ಟರ್ ಬರುವ ಬದಿಯಲ್ಲಿ ಬೆರಳು ಹೋಗುವಷ್ಟು ಹೆಚ್ಚು. ಎರಡೂ ಪದರಗಳನ್ನು ಫೆವಿಕಾಲ್ ಹಚ್ಚಿ, ಕ್ಲ್ಯಾಂಪ್ ಹಾಕಿ ಒಂದು ರಾತ್ರಿ ಬಿಡಿ. ಕಿಟಕಿಯೊಳಗೆ ಉಕ್ಕಿದ ಅಂಟನ್ನು ಹಸಿಯಿರುವಾಗಲೇ ಒರೆಸಬೇಕು. ಒಣಗಿದ ಒಂದು ಹನಿ ಪ್ಲೇಟ್‌ನ ಮೂಲೆಯಡಿ ಸಿಕ್ಕರೆ ಸಾಕು, ಸ್ಟಿಕ್ ಕುಂಟುತ್ತದೆ.

ಇನ್ನು ಜೋಡಣೆ. ಕಂಬಿಯ ತಳದ ಸೀಳಿಗೆ ಸ್ಕ್ರೂಡ್ರೈವರ್ ಕೊಟ್ಟು ಹಿಡಿದು, ಗುಂಡನ್ನು ಎಡಕ್ಕೆ ತಿರುಗಿಸಿದರೆ ಬಿಚ್ಚಿ ಬರುತ್ತದೆ. ಸ್ಟಿಕ್ ಅನ್ನು ಕೆಳಗಿನಿಂದ ಏರಿಸಿ, ನಾಲ್ಕೂ ನಟ್ಟುಗಳನ್ನು ಕೈಯಲ್ಲಿ ಹಿಡಿಸಿ, ಆಮೇಲೆ ಎದುರುಬದುರು ಮೂಲೆಗಳನ್ನು ಸರದಿಯಲ್ಲಿ ಬಿಗಿಯಿರಿ. ಒಂದು ಬದಿಯನ್ನೇ ಮೊದಲು ಪೂರ್ತಿ ಬಿಗಿದರೆ ಪ್ಲೇಟ್ ಬಾಗಿ, ಕಂಬಿ ನಡುವಿಗೆ ಮರಳಲು ಸೋಮಾರಿತನ ಮಾಡುತ್ತದೆ. ಕೊನೆಗೆ ಡಸ್ಟ್ ವಾಷರ್ (ತೂತನ್ನು ಮುಚ್ಚುವ ಬಿಲ್ಲೆ) ಇಟ್ಟು ಗುಂಡು ಹಾಕಿ, ಎಂಟೂ ದಿಕ್ಕಿಗೆ ತಳ್ಳಿ ನೋಡಿ: ಕಂಬಿ ಮರಕ್ಕೆ ತಾಗಬಾರದು, ತೂತು ಎಲ್ಲೂ ಕಾಣಬಾರದು.

ಮೇಲೆ ಅಕ್ರಿಲಿಕ್ ಹಾಕುವುದಾದರೆ ಬಟನ್‌ಗಳ ಅಂಚೇ ಅದನ್ನು ಒತ್ತಿ ಹಿಡಿಯುತ್ತದೆ, ಬೇಕೆಂದಾಗ ತೆಗೆದು ಸ್ಕ್ರೂ ತಲೆಗೆ ಕೈಹಾಕಬಹುದು. ಮೈಕಾ ಅಂಟಿಸಿದರೆ ಆ ಅವಕಾಶವಿಲ್ಲ. ಮುಂದೆ ನಟ್ಟು ಬಿಚ್ಚುವಾಗ ಒಳಗೆ ಸ್ಕ್ರೂ ಸುತ್ತಿದರೆ ಮೈಕಾ ಒಡೆಯದೆ ಬೇರೆ ದಾರಿಯಿಲ್ಲ. ಆದ್ದರಿಂದ ಮೈಕಾಗೆ ಮುಂಚೆ ತಲೆಯ ಅಡಿಯನ್ನು ಅರದಿಂದ ಉಜ್ಜಿ, ಅರಾಲ್ಡೈಟ್ ಹಚ್ಚಿ ಕೂರಿಸಿ, ಒಂದು ದಿನ ಒಣಗಲು ಬಿಡಿ.

ಕೆಲವರು ಟೀ-ನಟ್ (ಮರಕ್ಕೆ ಹೊಡೆದು ಕೂರಿಸುವ ಹಲ್ಲಿನ ನಟ್) ಬಳಸುತ್ತಾರೆ, ತಪ್ಪಿಲ್ಲ, ಆದರೆ ಅದನ್ನು ಮೇಲ್ಮೈಯಿಂದ ಹೊಡೆದು ಬೋಲ್ಟನ್ನು ಕೆಳಗಿನಿಂದ ಹಾಕಬೇಕು. ಆಗ ಬಿಗಿದಷ್ಟೂ ಅದರ ಹಲ್ಲು ಮರದೊಳಕ್ಕೆ ಇಳಿಯುತ್ತದೆ. ಸ್ಟಿಕ್ ಇರುವ ಬದಿಗೇ ಹೊಡೆದರೆ ಬಿಗಿದಾಗ ಹೊರಗೆ ಕಿತ್ತು ಬರುತ್ತದೆ.

ಸ್ಕ್ರೂ ಸಡಿಲವಾಗದಂತೆ ಹಚ್ಚುವ ಅಂಟು, ಲಾಕ್‌ಟೈಟ್, ಇಲ್ಲಿ ಬೇಡ. ಅದು ಅಕ್ರಿಲಿಕ್ಕಿಗೂ ಹಲವು ಪ್ಲಾಸ್ಟಿಕ್‌ಗಳಿಗೂ ಸೋಕಿದರೆ ಕೂದಲೆಳೆಯಂಥ ಬಿರುಕು ಬರುತ್ತದೆ. ನೈಲಾಕ್ ನಟ್ಟು ಸಾಕು.

ಎಲ್ಲ ಮುಗಿದ ಮೇಲೆ ಪ್ಲೇಟ್ ಮತ್ತು ಮರ ಕೂಡುವ ಅಂಚಿಗೆ ಒಂದು ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಗುಂಡನ್ನು ಜೋರಾಗಿ ಆಚೀಚೆ ತಳ್ಳಿ. ಬೆರಳಿಗೆ ಪ್ಲೇಟ್ ಸರಿದದ್ದು ಗೊತ್ತಾದರೆ ನಟ್ಟು ಸಡಿಲ. ಪ್ಲೇಟ್, ಮರ ಎರಡೂ ಒಟ್ಟಿಗೆ ಬಾಗಿದರೆ ತಪ್ಪು ನಟ್ಟಿನದಲ್ಲ, ಕಿಟಕಿ ಅತಿ ದೊಡ್ಡದಾಗಿದೆ. ಅದರ ಅಂಚಿಗೆ 25 ಮಿ.ಮೀ. ಚೌಕದ ರೀಪು ಅಂಟಿಸಿ. ಇನ್ನು ವೈರ್ ಜೋಡಿಸಿದಾಗ ಎಡಕ್ಕೆ ತಳ್ಳಿದರೆ ಬಲಬದಿಯ ಸ್ವಿಚ್ ಒತ್ತುತ್ತದೆ. ಕಂಬಿ ನಡುವಿನಲ್ಲಿ ತಿರುಗುವುದರಿಂದ ಅದು ಹಾಗೇ ಆಗಬೇಕು. ಸ್ಟಿಕ್ ತಿರುಗುಮುರುಗಾಗಿ ಕೂರಿಸಿದೆವೆಂದು ಬಿಚ್ಚಲು ಹೋಗಬೇಡಿ.