ಮೂರೆಲೆ ಬಲ್ಲವರಿಗೆ ಪೋಕರ್ ಕಲಿಸಿದ್ದು

ಮೂರೆಲೆ, ಅಂದರೆ ತೀನ್ ಪತ್ತಿ, ಆಡಿ ಬೆಳೆದವರಿಗೆ ಪೋಕರ್ ಕಲಿಸುವುದು, ಇಸ್ಪೀಟನ್ನೇ ಮುಟ್ಟದವರಿಗೆ ಕಲಿಸುವುದಕ್ಕಿಂತ ಕಷ್ಟ. ಕಿವಿಗೆ ಬೀಳುವ ಪದಗಳು ಕೆಲವು ಅವೇ, ಅರ್ಥ ಮಾತ್ರ ಬೇರೆ. ಮಂಡ್ಯ ಕಡೆಯ ನಮ್ಮ ಮನೆಗಳಲ್ಲಿ ಯುಗಾದಿ ಬಂತೆಂದರೆ ಜಗಲಿಯ ಮೇಲೆ ಇಸ್ಪೀಟು ಕಟ್ಟು ಬಿಚ್ಚಿಕೊಳ್ಳುತ್ತದೆ. ಎಕ್ಕ, ರಾಜ, ರಾಣಿ, ಗುಲಾಮ ಯಾರೆಂದು ಅಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಅಂಥ ನೆಂಟರನ್ನು ಕೂರಿಸಿಕೊಂಡು ನಾನು ಪೋಕರಿನ ಒಂದು ಬಗೆಯಾದ ಟೆಕ್ಸಾಸ್ ಹೋಲ್ಡೆಮ್ ಕಲಿಸಿದೆ. ಪದಗಳ ಪಟ್ಟಿಯನ್ನು ಯಾರ ಕೈಗೂ ಕೊಡಲಿಲ್ಲ. ಆಟ ಸಾಗಿದಂತೆ ಯಾವ ಪದ ಬೇಕಾಯಿತೋ ಅದನ್ನು ಆಗಲೇ ಹೇಳಿದೆ. ಈ ಆಟದಲ್ಲಿ ಒಂದೊಂದು ಪದವೂ ಆಡುವವನು ತೆಗೆದುಕೊಳ್ಳಬೇಕಾದ ಒಂದು ನಿರ್ಧಾರ. ನಿರ್ಧಾರದ ಗಳಿಗೆ ಬಾರದೆ ಪದ ಮನಸ್ಸಿನಲ್ಲಿ ನಿಲ್ಲುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಹಣವನ್ನು ಹತ್ತಿರ ಸೇರಿಸಲಿಲ್ಲ. ತಲೆಗೆ ನೂರರಂತೆ ಹುಣಸೆ ಬೀಜ ಎಣಿಸಿ ಕೊಟ್ಟೆ. ಪೋಕರ್ ಮೇಜಿನಲ್ಲಿ ಚಿಪ್ ಎನ್ನುವುದರ ಜಾಗಕ್ಕೆ ಅವು ಬಂದವು. ಒಬ್ಬರ ಮುಂದಿರುವ ಒಟ್ಟು ಬೀಜ ಅವರ ಸ್ಟ್ಯಾಕ್, ಮಧ್ಯದಲ್ಲಿ ಸೇರುವ ರಾಶಿ ಪಾಟ್. ಹಣ ಇಟ್ಟು ಆಡುವ ಆನ್‌ಲೈನ್ ಆಟಗಳನ್ನು, ಅದು ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ, 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ ಹೊಸಬರಿಗೆ ಬೀಜವೇ ಸರಿ. ಜೇಬಿನ ಚಿಂತೆ ಹತ್ತಿದ ತಲೆಗೆ ಲೆಕ್ಕ ಹತ್ತುವುದಿಲ್ಲ.

ಮೊದಲ ತೊಡಕು ಬ್ಲೈಂಡ್. ಮೂರೆಲೆಯಲ್ಲಿ ಬ್ಲೈಂಡ್ ಆಡುವುದೆಂದರೆ ಎಲೆ ಎತ್ತಿ ನೋಡದೆ ಪಣ ಕಟ್ಟುವುದು. ಹೋಲ್ಡೆಮ್‌ನಲ್ಲಿ ಎಲ್ಲರೂ ತಮ್ಮ ಎಲೆ ನೋಡಿಯೇ ಆಡುತ್ತಾರೆ. ಇಲ್ಲಿ ಬ್ಲೈಂಡ್ ಎಂದರೆ ಎಲೆ ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ ಇಡಬೇಕಾದ ಪಣ. ಹಂಚುವ ಸರದಿ ಯಾರದೆಂದು ತೋರಿಸಲು ಇಡುವ ಬಿಲ್ಲೆಗೆ ಬಟನ್ ಎಂದು ಹೆಸರು. ಬಟನ್‌ನ ಎಡಕ್ಕೆ ಕುಳಿತವರು ಸ್ಮಾಲ್ ಬ್ಲೈಂಡ್, ಅವರ ಎಡದವರು ಬಿಗ್ ಬ್ಲೈಂಡ್. ನಮ್ಮಲ್ಲಿ ಒಂದು ಬೀಜ, ಎರಡು ಬೀಜ. ಪ್ರತಿ ಆಟಕ್ಕೂ ಬಟನ್ ಎಡಕ್ಕೆ ಸರಿಯುವುದರಿಂದ ಈ ಭಾರ ಎಲ್ಲರಿಗೂ ಸರದಿಯಂತೆ ಬರುತ್ತದೆ. ಮೂರೆಲೆಯಲ್ಲಿ ಎಲ್ಲರೂ ಸಮನಾಗಿ ಹಾಕುವ ಬೂಟ್ ಮಾಡುವ ಕೆಲಸವನ್ನು ಇಲ್ಲಿ ಈ ಇಬ್ಬರು ಮಾಡುತ್ತಾರೆ.

ಎರಡನೆಯ ತೊಡಕು ಇನ್ನೂ ದೊಡ್ಡದು. ಫ್ಲಶ್ ಎಂದರೆ ಒಂದೇ ಬಣ್ಣದ, ಅಂದರೆ ಎಲ್ಲವೂ ಆಟೀನು ಅಥವಾ ಎಲ್ಲವೂ ಕಳಾವರ್ ಆದ ಐದು ಎಲೆ. ಸ್ಟ್ರೈಟ್ ಎಂದರೆ ಬಣ್ಣ ಯಾವುದಾದರೂ ಸರಿ, ಅನುಕ್ರಮವಾಗಿ ಬಂದ ಐದು ಎಲೆ. ಫ್ಲಶ್ ದೊಡ್ಡದು ಎಂದೊಡನೆ ಅತ್ತಿಗೆ ತಡೆದರು: “ಅದು ಹೇಗೆ? ಕಲರ್‌ಗಿಂತ ಸೀಕ್ವೆನ್ಸ್ ದೊಡ್ಡದಲ್ಲವೇ?” ಮೂರೆಲೆಯಲ್ಲಿ ಫ್ಲಶ್‌ನಂಥದ್ದಕ್ಕೆ ಕಲರ್, ಸ್ಟ್ರೈಟ್‌ನಂಥದ್ದಕ್ಕೆ ಸೀಕ್ವೆನ್ಸ್ ಎನ್ನುತ್ತಾರೆ; ಅವರ ಪ್ರಶ್ನೆ ನ್ಯಾಯವಾದದ್ದು. ಮೂರೆಲೆಯಲ್ಲಿ ಸೀಕ್ವೆನ್ಸ್ ದೊಡ್ಡದೇ. ಕಾರಣವನ್ನು ಎಣಿಸಿಯೇ ತೋರಿಸಬಹುದು. 52 ಎಲೆಗಳಿಂದ ಮೂರನ್ನು ಆರಿಸುವ ಬಗೆಗಳು 22,100. ಅವುಗಳಲ್ಲಿ ಬರಿಯ ಸೀಕ್ವೆನ್ಸ್ 720, ಬರಿಯ ಕಲರ್ 1,096. ಅಪರೂಪವಾದದ್ದಕ್ಕೆ ಬೆಲೆ ಹೆಚ್ಚು. ಐದು ಎಲೆಗೆ ಬಂದರೆ ತಕ್ಕಡಿ ಇನ್ನೊಂದು ಕಡೆ ವಾಲುತ್ತದೆ: ಒಟ್ಟು 25,98,960 ಬಗೆಗಳಲ್ಲಿ ಸ್ಟ್ರೈಟ್ 10,200, ಫ್ಲಶ್ 5,108 ಮಾತ್ರ. ಫ್ಲಶ್ ಬರುವುದು ಸ್ಟ್ರೈಟ್‌ನ ಸುಮಾರು ಅರ್ಧದಷ್ಟು ಸಲ ಮಾತ್ರ, ಹಾಗಾಗಿ ಅದೇ ಮೇಲು. ಇದನ್ನು ಕೇಳಿದ ಮೇಲೆ ಅತ್ತಿಗೆ ಮತ್ತೆ ಆ ಕ್ರಮವನ್ನು ಮರೆಯಲಿಲ್ಲ. ಕಾರಣ ತಿಳಿಸದೆ ಕ್ರಮವನ್ನು ಬಾಯಿಪಾಠ ಮಾಡಿಸುವವರ ಮೇಲೆ ನನಗೆ ಸಿಟ್ಟಿದೆ.

ಉಳಿದ ಕ್ರಮ ಸುಲಭ. ಕೆಳಗಿನಿಂದ ಬರಿಯ ದೊಡ್ಡ ಎಲೆ, ಒಂದು ಜೋಡಿ, ಎರಡು ಜೋಡಿ, ಒಂದೇ ಅಂಕಿಯ ಮೂರು, ಸ್ಟ್ರೈಟ್, ಫ್ಲಶ್, ಮೂರರ ಜೊತೆ ಜೋಡಿ ಸೇರಿದ ಫುಲ್ ಹೌಸ್, ಒಂದೇ ಅಂಕಿಯ ನಾಲ್ಕು, ಒಂದೇ ಬಣ್ಣದಲ್ಲಿ ಅನುಕ್ರಮವಾಗಿ ಬಂದ ಸ್ಟ್ರೈಟ್ ಫ್ಲಶ್. ಇದರಲ್ಲೇ ಹತ್ತರಿಂದ ಎಕ್ಕದವರೆಗಿನದು ರಾಯಲ್ ಫ್ಲಶ್. ಇನ್ನೊಂದು ಎಚ್ಚರ: ಮೂರೆಲೆಯಲ್ಲಿ ಅನೇಕರು ಎಕ್ಕ-ಎರಡು-ಮೂರನ್ನು ಎರಡನೆಯ ದೊಡ್ಡ ಸೀಕ್ವೆನ್ಸ್ ಎಂದು ಹಿಡಿಯುತ್ತಾರೆ. ಇಲ್ಲಿ ಎಕ್ಕದಿಂದ ಐದರವರೆಗಿನ ಸ್ಟ್ರೈಟ್ ಎಲ್ಲಕ್ಕಿಂತ ಚಿಕ್ಕದು.

ಇಷ್ಟಾದ ಮೇಲೆ ಎಲ್ಲರ ಎಲೆಗಳನ್ನೂ ಮೇಲ್ಮುಖವಾಗಿ ಇಟ್ಟು ಆಡಿಸಿದೆ. ಗುಟ್ಟಿಲ್ಲದ ಆಟದಲ್ಲಿ ಪದಗಳು ಬೇಗ ತಿಳಿಯುತ್ತವೆ. ಹಾಗೆ ಆಡಿದ ಒಂದು ಆಟವನ್ನೇ ಹೇಳುತ್ತೇನೆ.

ಬಟನ್ ನನ್ನಲ್ಲಿತ್ತು, ಬಿಗ್ ಬ್ಲೈಂಡ್ ಭಾವನದು. ಪ್ರತಿಯೊಬ್ಬರಿಗೂ ಎರಡು ಎಲೆ. ಇವು ಹೋಲ್ ಕಾರ್ಡ್. ನನಗೆ ಬಂದದ್ದು ಆಟೀನಿನ ಎಕ್ಕ ಮತ್ತು ಒಂಬತ್ತು. ಈ ಹಂತ ಪ್ರೀಫ್ಲಾಪ್. ತಮಗಿಂತ ಮೊದಲಿನವರು ಇಟ್ಟಷ್ಟೇ ಇಟ್ಟು ಆಟದಲ್ಲಿ ಉಳಿಯುವುದು ಕಾಲ್, ಅದನ್ನು ಏರಿಸುವುದು ರೈಸ್, ಎಲೆ ಕೆಳಗಿಟ್ಟು ಹಿಂದೆ ಸರಿಯುವುದು ಫೋಲ್ಡ್. ನಮ್ಮವರಿಗೆ ಇದು ಪ್ಯಾಕ್ ಆಗುವುದೆಂದರೆ ಸಾಕು. ನನಗಿಂತ ಮೊದಲಿನ ಸರದಿಯವರೆಲ್ಲ ಫೋಲ್ಡ್ ಮಾಡಿದರು. ನಾನು ಆರು ಬೀಜಕ್ಕೆ ರೈಸ್ ಮಾಡಿದೆ, ಭಾವ ಮಾತ್ರ ಕಾಲ್ ಮಾಡಿದರು. ಪಾಟ್‌ನಲ್ಲಿ ಹದಿಮೂರು ಬೀಜ.

ಆಮೇಲೆ ಮೇಜಿನ ನಡುವೆ ಒಟ್ಟಿಗೆ ಮೂರು ಎಲೆ ಬಿಚ್ಚುವುದು ಫ್ಲಾಪ್. ಇವು ಎಲ್ಲರಿಗೂ ಸೇರಿದವು, ಕೈಯಲ್ಲಿರುವ ಎಲೆಗಳ ಜೊತೆ ಕೂಡಿಸಿಕೊಳ್ಳಬಹುದು. ಆಟೀನು ರಾಜ, ಆಟೀನು ನಾಲ್ಕು, ಕಳಾವರ್ ಏಳು ಬಂದವು. ಭಾವ ಚೆಕ್ ಎಂದರು, ಅಂದರೆ ಪಣ ಕಟ್ಟದೆ ಸರದಿ ದಾಟಿಸಿದರು; ಮುಂಚೆ ಯಾರೂ ಆ ಸುತ್ತಿನಲ್ಲಿ ಪಣ ಕಟ್ಟಿರದಿದ್ದರೆ ಮಾತ್ರ ಅದು ಸಾಧ್ಯ. ನನ್ನ ಕೈಯಲ್ಲಿ ಆಗ ಗೆಲ್ಲುವಂಥದ್ದು ಏನೂ ಇರಲಿಲ್ಲ, ಆದರೆ ಇನ್ನೊಂದು ಆಟೀನು ಬಿದ್ದರೆ ಫ್ಲಶ್. ಆದ್ದರಿಂದ ಆರು ಬೀಜ ಬೆಟ್ ಮಾಡಿದೆ. ಎದುರಿನವರು ಹೆದರಿ ಬಿಟ್ಟರೂ ಲಾಭ, ಬಿಡದಿದ್ದರೂ ದಾರಿ ಮುಚ್ಚಿಲ್ಲ. ಇದು ಸೆಮಿ ಬ್ಲಫ್. ಏನೂ ದಾರಿಯಿಲ್ಲದೆ ಹೆದರಿಸುವುದು ಬರಿಯ ಬ್ಲಫ್. ಭಾವ ಕಾಲ್ ಮಾಡಿ ಪಾಟ್ ಇಪ್ಪತ್ತೈದಾಯಿತು.

ನಾಲ್ಕನೆಯ ಎಲೆ ಟರ್ನ್: ಇಸ್ಪೀಟು ಎರಡು. ಈ ಬಾರಿ ಭಾವನೇ ಐದು ಬೀಜ ಕಟ್ಟಿದರು. ನನ್ನ ಮಟ್ಟಿಗೆ ಪೋಕರ್ ನಿಜವಾಗಿ ಶುರುವಾಗುವುದು ಇಲ್ಲಿ. ನನ್ನನ್ನು ಗೆಲ್ಲಿಸಬಲ್ಲ ಎಲೆಗಳಿಗೆ ಔಟ್ ಎನ್ನುತ್ತಾರೆ. ಹದಿಮೂರು ಆಟೀನುಗಳಲ್ಲಿ ನಾಲ್ಕು ಕಾಣುತ್ತಿವೆ, ಉಳಿದದ್ದು ಒಂಬತ್ತು. ಎದುರಾಳಿಯ ಎಲೆ ಕಾಣದು ಎಂದುಕೊಂಡರೆ ನನಗೆ ಗೊತ್ತಿಲ್ಲದ ಎಲೆಗಳು 46. ಹಾಗಾಗಿ ನನ್ನ ಸಾಧ್ಯತೆ ನೂರಕ್ಕೆ ಸುಮಾರು ಇಪ್ಪತ್ತು. ಈಗ ಬೆಲೆ ನೋಡಬೇಕು. ಐದು ಕೊಟ್ಟರೆ ಪಾಟ್ ಒಟ್ಟು ಮೂವತ್ತೈದು. ಅಂದರೆ ಏಳು ಸಲದಲ್ಲಿ ಒಮ್ಮೆ, ನೂರಕ್ಕೆ ಹದಿನಾಲ್ಕು ಸಲ ಗೆದ್ದರೂ ಹಾಕಿದ್ದು ಮರಳುತ್ತದೆ. ಇಪ್ಪತ್ತು ಅದಕ್ಕಿಂತ ಹೆಚ್ಚು, ಕಾಲ್ ಸರಿ. ಈ ಹೋಲಿಕೆಯೇ ಪಾಟ್ ಆಡ್ಸ್. ಅದೇ ಭಾವ ಇಪ್ಪತ್ತೈದು ಕಟ್ಟಿದ್ದರೆ? ಎಪ್ಪತ್ತೈದರ ಪಾಟ್‌ಗೆ ಇಪ್ಪತ್ತೈದು ಕೊಡಬೇಕು, ಮೂರರಲ್ಲಿ ಒಮ್ಮೆ ಗೆಲ್ಲಬೇಕು. ಅಷ್ಟು ಬಲ ನನ್ನ ಎಲೆಗಿಲ್ಲ. ಎಲೆ ಅವೇ, ಬೆಲೆ ಬದಲಾದೊಡನೆ ನಿರ್ಧಾರ ಬದಲಾಗುತ್ತದೆ. ಇನ್ನೊಂದು ಎಕ್ಕ ಬಂದರೂ ನಾನು ಗೆಲ್ಲಬಹುದಿತ್ತು, ಆದರೆ ಖಾತ್ರಿಯಿಲ್ಲದ ಔಟ್‌ಗಳನ್ನು ಹೊಸಬರು ಲೆಕ್ಕಕ್ಕೆ ಹಿಡಿಯದಿರುವುದೇ ಒಳ್ಳೆಯದು.

ಕೊನೆಯ ಎಲೆ ರಿವರ್. ಆಟೀನು ರಾಣಿ ಬಂತು. ಆಟೀನಿನ ಎಕ್ಕ ನನ್ನಲ್ಲೇ ಇದ್ದುದರಿಂದ ಆ ಐದು ಎಲೆಗಳ ಮೇಲೆ ನನ್ನದನ್ನು ಮೀರುವ ಕೈಯನ್ನು ಬೇರೆ ಯಾರೂ ಕಟ್ಟುವಂತಿರಲಿಲ್ಲ. ಅಂಥ ಕೈಗೆ ನಟ್ಸ್ ಎಂದು ಹೆಸರು. ಆಟೀನು ಏಳು ಬಂದಿದ್ದರೆ ಹಾಗೆ ಹೇಳುವಂತಿರಲಿಲ್ಲ, ಮೇಜಿನ ಮೇಲೆ ಏಳರ ಜೋಡಿಯಾಗಿ ಫುಲ್ ಹೌಸಿಗೆ ದಾರಿ ತೆರೆಯುತ್ತಿತ್ತು. ಕೊನೆಯ ಪಣವೂ ಮುಗಿದ ಮೇಲೆ ಉಳಿದವರು ಎಲೆ ತೋರಿಸುವುದು ಶೋಡೌನ್. ಮೂರೆಲೆಯ ಶೋನಂತೆ ಇದಕ್ಕೆ ಪಣ ತೆರಬೇಕಿಲ್ಲ.

ಜೋಡಿ ಸಮವಾದಾಗ ಸೋಲು ಗೆಲುವನ್ನು ತೀರ್ಮಾನಿಸುವ ಜೊತೆಯ ಎಲೆ ಕಿಕ್ಕರ್; ಅದನ್ನು ಭಾವ ಮತ್ತು ಚಿಕ್ಕಪ್ಪನ ನಡುವಿನ ಇನ್ನೊಂದು ಆಟ ಕಲಿಸಿತು. ಇಬ್ಬರಿಗೂ ರಾಜನ ಜೋಡಿ. ಭಾವನ ಕೈಯಲ್ಲಿ ಜೊತೆಗೆ ರಾಣಿ, ಚಿಕ್ಕಪ್ಪನಲ್ಲಿ ಆರು. ಮೇಜಿನ ಮೇಲೆ ರಾಜ ಬಿಟ್ಟರೆ ಉಳಿದವೆಲ್ಲ ಚಿಲ್ಲರೆ ಎಲೆಗಳು. ರಾಣಿ ಗೆದ್ದಳು. ಎಕ್ಕದ ಜೊತೆ ಸಣ್ಣ ಎಲೆ ಬಂದಾಗ ಹಿಗ್ಗಬಾರದೆನ್ನುವುದು ಇದಕ್ಕೇ.

ಶುರುವಿನ ಎಲೆಗಳ ಬಗ್ಗೆ ನಾನು ಕಟ್ಟುನಿಟ್ಟು. ಅಮೆರಿಕದ ಪೋಕರ್ ಆಟಗಾರ ಡಾಯ್ಲ್ ಬ್ರನ್ಸನ್ 1976 ಮತ್ತು 1977ರಲ್ಲಿ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯವನ್ನು ಎರಡೂ ವರ್ಷ ಕೈಯಲ್ಲಿ ಹತ್ತು-ಎರಡು ಹಿಡಿದೇ ಗೆದ್ದು ಮುಗಿಸಿದರು; ಆ ಎಲೆಗಳಿಗೆ ಅವರ ಹೆಸರೇ ಅಂಟಿಕೊಂಡಿದೆ. ಹಾಗೆಂದು ಹತ್ತು-ಎರಡು ಬಂದಾಗ ಹೊಸಬರು ಆಡಬೇಕಾಗಿಲ್ಲ. ಬಂದ ಎಲೆಗಳಲ್ಲಿ ಹೆಚ್ಚಿನವನ್ನು ಫೋಲ್ಡ್ ಮಾಡುವುದೇ ಒಳ್ಳೆಯ ಆಟ, ಅದರಲ್ಲೂ ಸುತ್ತಿನಲ್ಲಿ ಮೊದಲು ಮಾತಾಡಬೇಕಾದ ಜಾಗದಲ್ಲಿ ಕುಳಿತಾಗ. ಎಲ್ಲರ ನಡೆ ನೋಡಿ ಕೊನೆಗೆ ನಿರ್ಧರಿಸುವ ಅನುಕೂಲಕ್ಕೆ ಪೊಸಿಷನ್ ಎನ್ನುತ್ತಾರೆ. ಫ್ಲಾಪ್‌ನಿಂದ ಮುಂದೆ ಅದು ಬಟನ್‌ನವರ ಪಾಲು.

ಇರುವುದನ್ನೆಲ್ಲ ಒಟ್ಟಿಗೆ ಕಟ್ಟುವ ಆಲ್ ಇನ್ ಎಲ್ಲರಿಗೂ ಸಿನಿಮಾದಿಂದ ಗೊತ್ತು, ಸೈಡ್ ಪಾಟ್ ಯಾರಿಗೂ ಗೊತ್ತಿರಲಿಲ್ಲ. ಚಿಕ್ಕಪ್ಪ ಉಳಿದ ಐವತ್ತನ್ನೂ ನೂಕಿದರು, ನಾನೂ ಭಾವನೂ ನೂರು ನೂರು ಇಟ್ಟೆವು. ಮೂವರ ಐವತ್ತು ಸೇರಿ ನೂರೈವತ್ತು ಮುಖ್ಯ ಪಾಟ್. ಚಿಕ್ಕಪ್ಪ ಗೆಲ್ಲಬಹುದಾದದ್ದು ಅಷ್ಟೇ. ಮಿಕ್ಕ ನೂರು ಸೈಡ್ ಪಾಟ್, ಅದು ನನ್ನ ಮತ್ತು ಭಾವನ ನಡುವಿನದು. ಎರಡು ರಾಶಿಗಳನ್ನು ಬೇರೆ ಬೇರೆಯಾಗಿ ಇಟ್ಟು ತೋರಿಸಿದಾಗ ಚಿಕ್ಕಪ್ಪ ತಮ್ಮ ರಾಶಿಯನ್ನು ತಾವೇ ಎಣಿಸಿ ನೋಡಿ, “ಸರಿ, ಹಂಚು” ಎಂದರು.