ಕಲ್ಲಿನ ಮುಂದೆಯೇ ಶಾಸನ ಓದಿದೆವು, ಊರೇ ಬಂತು

"ಹಳ್ಳಿಯವರಿಗೆ ಶಾಸನ ಯಾಕ್ರೀ? ಯಾರೂ ಬರಲ್ಲ" ಅಂತ ವಿಭಾಗದ ಹಿರಿಯರು ಹೇಳಿದ್ದರು. ಈಗ ಸೊರಬದ ಕಡೆಯ ಊರುಗಳಿಂದ "ನಮ್ಮಲ್ಲಿಗೆ ಯಾವಾಗ ಬರ್ತೀರಿ ಮೇಷ್ಟ್ರೇ" ಅಂತ ಫೋನ್ ಬರುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ತಾಲ್ಲೂಕು ಕೇಂದ್ರದಲ್ಲಿ ವಿಚಾರ ಸಂಕಿರಣ. ಫ್ಲೆಕ್ಸು, ಶಾಲು, ಹಾರ, ಊಟ ಸೇರಿ 20 ಸಾವಿರದ ಹತ್ತಿರ ಹೋಯಿತು. 50 ಜನ ಬಂದಿರಬಹುದು, ಹಾಜರಾತಿಗೆ ಕೂತ ವಿದ್ಯಾರ್ಥಿಗಳೇ ಜಾಸ್ತಿ. ಆಮೇಲೆ ಕಲ್ಲಿನ ಪಕ್ಕ ಕ್ಯೂಆರ್ ಕೋಡ್ ಬೋರ್ಡು. ಅದಕ್ಕೊಂದು 4 ಸಾವಿರ. ಅಲ್ಲಿ ನೆಟ್‌ವರ್ಕೇ ಇಲ್ಲ, ಒಂದು ಮಳೆಗಾಲಕ್ಕೆ ಬೋರ್ಡಿನ ತುಂಬ ಪಾಚಿ.

ಕೈ ಹಿಡಿದದ್ದು ಪಡಿಯಚ್ಚು, ಅಂದರೆ ಕಲ್ಲಿನ ಮೇಲೆ ಒದ್ದೆ ಕಾಗದ ಬಡಿದು ಮಸಿ ಹಚ್ಚಿ ತೆಗೆಯುವ ಅಕ್ಷರದ ನಕಲು. ಜನರ ಎದುರಿಗೇ ತೆಗೆಯುವುದು. ನೀರು ತರುವವರು, ಕಲ್ಲು ತೊಳೆಯುವವರು, ಕಾಗದ ಬಡಿಯುವವರು ಎಲ್ಲ ಊರಿನವರೇ. ಮಸಿ ಹಚ್ಚುತ್ತಾ ಹೋದಂತೆ ಬಿಳಿ ಅಕ್ಷರ ಏಳುತ್ತದಲ್ಲ, ಆಗ ಯಾರೂ ಮನೆಗೆ ಹೋಗುವುದಿಲ್ಲ.

ಆದರೆ ಇಡೀ ಪಾಠ ಓದಬೇಡಿ. ರಾಜರ ಬಿರುದು ಶುರುವಾದರೆ ಜನ ಎದ್ದುಬಿಡುತ್ತಾರೆ. ತುರುಗೊಳ್, ಅಂದರೆ ದನ ಹೊಡೆದೊಯ್ದ ಕಾಳಗದ ವೀರಗಲ್ಲಾದರೆ ನಾನು 'ತುರುವಂ ಮಗುಳ್ಚಿ' (ದನವನ್ನು ಮರಳಿಸಿ) ಅನ್ನುವಲ್ಲಿಂದಲೇ ಹಿಡಿಯುತ್ತೇನೆ. ಹೊಡೆದುಕೊಂಡು ಹೋದ ದನ ಬಿಡಿಸಿ ತಂದು ಸತ್ತವನ ಕಲ್ಲು ಅಂದರೆ ಸಾಕು, ದನ ಸಾಕಿದವರಿಗೆ ವಿವರಣೆ ಬೇಡ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗ, ಇದನ್ನೆಲ್ಲ ಅವರೇ ಬೆರಳಿಟ್ಟು ತೋರಿಸುತ್ತಾರೆ. ದಾನಶಾಸನಕ್ಕೆ ಕೊನೆಯ ಶಾಪವೇ ಮೊದಲು. ವಾರಣಾಸಿಯಲ್ಲಿ ಸಾವಿರ ಕವಿಲೆ (ಹಸು) ಕೊಂದ ಪಾಪ, ದಾನ ಕೆಡಿಸಿದವನಿಗೆ ಬರುತ್ತದೆ ಅಂದ ಕೂಡಲೇ, ಹಾಗಾದರೆ ಎಷ್ಟು ಮತ್ತರು (ಹಳೆಯ ಭೂಮಿ ಅಳತೆ) ಗದ್ದೆ, ಯಾವ ಕೆರೆ ಕೆಳಗೆ ಅಂತ ಪ್ರಶ್ನೆ ಶುರು.

ಒಂದೂರಲ್ಲಿ ದಾನದ ಭೂಮಿಯ ಗಡಿ ಹೇಳುವ ಸಾಲು ಓದುತ್ತಿದ್ದೆ, ಅದರಲ್ಲೊಂದು ಹೊಂಡದ ಹೆಸರಿತ್ತು. ಅಜ್ಜರೊಬ್ಬರು "ಆ ಹೊಂಡ ನಮ್ಮ ತೋಟದ ತಲೆಗೇ ಇದೆಯಲ್ಲ ಮಾರಾಯ್ರೆ" ಅಂದು ಕರೆದುಕೊಂಡೇ ಹೋದರು. ನಾನು ಆ ಗಡಿಯನ್ನು ಐದಾರು ವರ್ಷ ನಕ್ಷೆಯಲ್ಲಿ ಹುಡುಕಿದ್ದೆ. ಈ ಕಡೆಯ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟ 1904ರದ್ದು. ಅದರಲ್ಲಿಲ್ಲದ ಮೂರ್ನಾಲ್ಕು ಕಲ್ಲು ಹೀಗೇ ಸಿಕ್ಕವು. ಒಂದು ಬಟ್ಟೆ ಒಗೆಯುವ ಕಲ್ಲಾಗಿತ್ತು. ಈಗ ಊರಿನವರೇ ದುಡ್ಡು ಹಾಕಿ ಕಟ್ಟೆ ಕಟ್ಟಿದ್ದಾರೆ. ಸಂಕಿರಣದಿಂದ ಇದು ಆಗುತ್ತಿತ್ತಾ?

ಓದುವ ಮೊದಲು ಊರಿನವರಿಗೆ ಒಂದು ಪ್ರಶ್ನೆ ಕೇಳುತ್ತೇನೆ. ಸಭೆ ಕೂಡುವುದೇ ಅದರಿಂದ. ಅದು ಸದ್ಯ ನನ್ನಲ್ಲೇ ಇರಲಿ, ಮಸಿಯ ಹದವೂ ಅಷ್ಟೇ.

ಕಾಲ ಮಾತ್ರ ನೋಡಿಕೊಳ್ಳಿ. ಮಳೆಯಲ್ಲಿ ಕಾಗದ ಒಣಗಲ್ಲ, ಅಡಿಕೆ ಕೊಯ್ಲಿನಲ್ಲಿ ಜನ ಸಿಗಲ್ಲ. ಜನವರಿಯಿಂದ ಮಾರ್ಚ್, ಬಿಸಿಲು ಕಲ್ಲಿಗೆ ಓರೆಯಾಗಿ ಬೀಳುವ ಸಂಜೆ ಹೊತ್ತು.

ರಾತ್ರಿ ಟಾರ್ಚನ್ನು ಪಕ್ಕದಿಂದ ಹಿಡಿದೂ ನೋಡಿದೆವು. ಸವೆದ ಅಕ್ಷರ ಚೆನ್ನಾಗಿ ಕಾಣುತ್ತದೆ, ಮಕ್ಕಳಿಗಂತೂ ಹಬ್ಬ. ಚೌಡಿ ದೇವತೆಯ ಬನದ ಕಲ್ಲಿಗೆ ರಾತ್ರಿ ಹೋಗುವುದು ಬೇಡ ಅಂದರು, ಬಿಟ್ಟೆವು. ಇನ್ನೊಂದೂರಲ್ಲಿ ಗೋಡೆಗೆ ಹಸೆ ಚಿತ್ತಾರ ಬರೆಯುವ ಅಕ್ಕಂದಿರು ಪಡಿಯಚ್ಚು ನೋಡಿ ವೀರಗಲ್ಲನ್ನೇ ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಲ್ಲಿ ಬರೆದುಕೊಟ್ಟರು. ಅದನ್ನು ಮುಂದುವರಿಸಬೇಕು.

ಖರ್ಚು ಊರಿಗೆ ಎರಡೂವರೆ, ಮೂರು ಸಾವಿರ. ಕಾಗದ, ಮಸಿ, ಜೀಪು, ಅವಲಕ್ಕಿ, ಚಹಾ. ಎಷ್ಟೋ ಕಡೆ ಅವಲಕ್ಕಿ ಚಹಾ ಊರಿನವರದ್ದೇ. ಸಂರಕ್ಷಿತ ಸ್ಮಾರಕವಾದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ತಗೊಳ್ಳಿ, ಉಳಿದ ಕಡೆ ಪಂಚಾಯಿತಿಗೆ ಒಂದು ಪತ್ರ ಕೊಡಿ.